ಆಳು ಮಾಡಿದ್ದು ಹಾಳಾಗದಿರಲು

“ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ವಹಿಸುವವನ ಮನಸ್ಸಿನಲ್ಲಿರುವುದು ಮಾಡುವವನ ಕೈಗೆ ಇಳಿಯುವಷ್ಟರಲ್ಲಿ ಅರ್ಧ ಸೋರಿಹೋಗುವುದೆಂಬುದೇ ಅದರ ತಾತ್ಪರ್ಯ. ಈ ಹಳೆಯ ಸಂಕಟ ಇಂದು ಗಣಕಯಂತ್ರಗಳ ಲೋಕದಲ್ಲಿಯೂ ತಲೆದೋರಿದೆ.

ಕೃತಕ ಬುದ್ಧಿಮತ್ತೆಯ ‘ಏಜೆಂಟ್’ ಕೇಳಿದ ಪ್ರಶ್ನೆಗೆ ಉತ್ತರಿಸಿ ಸುಮ್ಮನಾಗುವಂಥದಲ್ಲ. ಗುರಿಯೊಂದನ್ನು ಕೊಟ್ಟರೆ ಮುಂದಿನ ಹೆಜ್ಜೆಗಳನ್ನು ತಾನೇ ನಿಶ್ಚಯಿಸಿ, ಅಂತರ್ಜಾಲವನ್ನು ಹುಡುಕಿ, ಕಡತಗಳನ್ನು ಓದಿ ದುಡಿಯುವ ತಂತ್ರಾಂಶ ಅದು. ಆದರೆ ಒಮ್ಮೆಗೆ ಅದರ ಗಮನದಲ್ಲಿ ನಿಲ್ಲುವ ಬರಹಕ್ಕೆ ಮಿತಿಯುಂಟು. ಆದುದರಿಂದ ದೊಡ್ಡ ಕೆಲಸ ಬಂದಾಗ, ಮದುವೆಮನೆಯ ಯಜಮಾನರು ಚಪ್ಪರ, ಅಡಿಗೆ, ವಾಲಗಗಳನ್ನು ಬೇರೆ ಬೇರೆಯವರಿಗೆ ಒಪ್ಪಿಸುವಂತೆ, ಮುಖ್ಯ ಏಜೆಂಟ್ ಅದನ್ನು ಹೋಳುಮಾಡಿ ಉಪ ಏಜೆಂಟ್‌ಗಳಿಗೆ ಹಂಚುತ್ತದೆ. ಅವು ತಂದೊಪ್ಪಿಸಿದ ಸಾರವನ್ನು ಕೂಡಿಸಿ ಉತ್ತರ ಸಿದ್ಧಪಡಿಸುತ್ತದೆ.

ಈ ಆಲೋಚನೆ ಹೊಸದಲ್ಲ. 1980ರಲ್ಲಿಯೇ ರೀಡ್ ಸ್ಮಿತ್ ಎಂಬ ವಿಜ್ಞಾನಿ, ಒಂದು ಗಣಕ ಕೆಲಸವನ್ನು ಸಾರುವುದು, ಉಳಿದವು ಟೆಂಡರ್ ಹಾಕುವುದು, ಯೋಗ್ಯವಾದುದಕ್ಕೆ ಗುತ್ತಿಗೆ ದೊರೆಯುವುದು ಎಂಬ ಕ್ರಮವನ್ನು ವಿವರಿಸಿದ್ದರು.

ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ

2025ರ ಜೂನ್‌ನಲ್ಲಿ ಅಮೆರಿಕದ ಆಂಥ್ರೋಪಿಕ್ ಸಂಸ್ಥೆ ತನ್ನ ಅನುಭವವನ್ನು ಪ್ರಕಟಿಸಿತು. ಸಂಶೋಧನೆಯ ಕೆಲಸದಲ್ಲಿ ಇಂಥ ತಂಡ ಒಂಟಿ ಏಜೆಂಟ್‌ಗಿಂತ ಶೇಕಡ 90.2ರಷ್ಟು ಮೇಲೆನಿಸಿತೆಂದು ಅದರ ಆಂತರಿಕ ಪರೀಕ್ಷೆ ತಿಳಿಸಿತು. ಆದರೆ ಆರಂಭದ ಎಡವಟ್ಟುಗಳೂ ಸ್ವಾರಸ್ಯಕರವಾಗಿವೆ. ಸಾಮಾನ್ಯ ಪ್ರಶ್ನೆಯೊಂದಕ್ಕೆ ಮುಖ್ಯ ಏಜೆಂಟ್ 50 ಉಪ ಏಜೆಂಟ್‌ಗಳನ್ನು ಅಟ್ಟಿದ್ದುಂಟು. ‘ಸೆಮಿಕಂಡಕ್ಟರ್ ಅಭಾವವನ್ನು ಕುರಿತು ಶೋಧಿಸು’ ಎಂದಷ್ಟೇ ಹೇಳಿದಾಗ, ಒಂದು 2021ರ ಮೋಟಾರು ಉದ್ಯಮದ ಚಿಪ್ ಅಭಾವದ ಬೆನ್ನು ಹತ್ತಿತು. ಮತ್ತೆರಡು 2025ರ ಪೂರೈಕೆಯನ್ನು ಹುಡುಕುತ್ತ ಒಂದರ ಕೆಲಸವನ್ನೇ ಇನ್ನೊಂದು ಮಾಡಿದವು.

ತಪ್ಪು ಆಳಿನದಲ್ಲ, ಅಪ್ಪಣೆಯದು. ಆ ಬಳಿಕ ಪ್ರತಿ ಉಪ ಏಜೆಂಟ್‌ಗೂ ನಾಲ್ಕು ಮಾತು ತಿಳಿಸಬೇಕೆಂದು ಗೊತ್ತಾಯಿತು: ಗುರಿ ಯಾವುದು, ಉತ್ತರ ಯಾವ ರೂಪದಲ್ಲಿರಬೇಕು, ಯಾವ ಸಾಧನ ಹಾಗೂ ಆಕರಗಳನ್ನು ಬಳಸಬೇಕು, ಕೆಲಸದ ಎಲ್ಲೆ ಎಲ್ಲಿಗೆ. ಸರಳ ಸಂಗತಿಗೆ ಒಂದೇ ಏಜೆಂಟ್, ಹೋಲಿಕೆಗೆ 2ರಿಂದ 4, ಜಟಿಲವಾದುದಕ್ಕೆ 10ಕ್ಕೂ ಹೆಚ್ಚು ಎಂಬ ಲೆಕ್ಕವೂ ಏರ್ಪಟ್ಟಿತು. ವೆಚ್ಚವೂ ಅಲ್ಪವಲ್ಲ. ಯಂತ್ರ ಓದುವ, ಬರೆಯುವ ಪದತುಣುಕುಗಳಿಗೆ ಟೋಕನ್ ಎಂದು ಹೆಸರು. ಸಾಮಾನ್ಯ ಸಂಭಾಷಣೆಗಿಂತ ಇಂಥ ತಂಡಕ್ಕೆ ಸುಮಾರು 15 ಪಟ್ಟು ಟೋಕನ್ ಬೇಕಾಯಿತು.

ಅದೇ ತಿಂಗಳು ಕಾಗ್ನಿಷನ್ ಎಂಬ ಇನ್ನೊಂದು ಸಂಸ್ಥೆ ಇಂಥ ತಂಡಗಳನ್ನು ಕಟ್ಟಲೇಬೇಡಿರೆಂದು ವಾದಿಸಿತು. ಅದು ಕಲ್ಪಿಸಿದ ನಿದರ್ಶನ ‘ಫ್ಲ್ಯಾಪಿ ಬರ್ಡ್’ ಎಂಬ ಆಟದ್ದು. ಹಿನ್ನೆಲೆ ರಚಿಸಬೇಕಾದ ಉಪ ಏಜೆಂಟ್ ‘ಸೂಪರ್ ಮಾರಿಯೊ’ ಎಂಬ ಬೇರೊಂದು ಆಟವನ್ನು ಹೋಲುವ ದೃಶ್ಯ ರಚಿಸುತ್ತದೆ. ಹಕ್ಕಿಯನ್ನು ರಚಿಸುವ ಮತ್ತೊಂದು ಆ ಆಟಕ್ಕೆ ಹೊಂದದ ಹಕ್ಕಿಯನ್ನು ತರುತ್ತದೆ. ಗಣೇಶನನ್ನು ಮಾಡಹೋಗಿ ಅವನಪ್ಪನನ್ನು ಮಾಡಿದಂತೆ! ಒಂದು ಮಾಡಿದ ತೀರ್ಮಾನ ಇನ್ನೊಂದಕ್ಕೆ ತಿಳಿಯದಿದ್ದರೆ ಫಲ ಹೀಗಾಗದೆ ಇನ್ನೇನಾದೀತು?

ಎರಡೂ ವಾದಗಳು ತಮ್ಮ ತಮ್ಮ ನೆಲೆಯಲ್ಲಿ ಸರಿಯೇ. ಹತ್ತು ಗ್ರಂಥಾಲಯಗಳಿಗೆ ಹತ್ತು ಮಂದಿಯನ್ನು ಕಳುಹಿಸಬಹುದು. ಒಂದೇ ಕವಿತೆಯನ್ನು ಹತ್ತು ಮಂದಿಗೆ ಹಂಚಿ ಬರೆಸಲಾಗದು.

ಕೀಲಿಕೈ ಯಾರ ಬಳಿ?

ಇದು ಎಂಜಿನಿಯರುಗಳಿಗಷ್ಟೇ ಸೇರಿದ ಸಂಗತಿಯೆಂದು ವಾಚಕರು ಪುಟ ತಿರುವಬಾರದು. ನಮ್ಮ ಪ್ರಯಾಣದ ಟಿಕೇಟು, ಪತ್ರವ್ಯವಹಾರ, ಹಣಪಾವತಿಗಳನ್ನು ಇವುಗಳಿಗೆ ಒಪ್ಪಿಸಲು ಆಮಿಷ ಒಡ್ಡಲಾಗುತ್ತಿದೆ. ಉಪ ಏಜೆಂಟ್ ಓದುವ ಪುಟದಲ್ಲಿ ವಂಚಕನೊಬ್ಬ ಗುಟ್ಟಾಗಿ ಆಜ್ಞೆಯೊಂದನ್ನು ಬರೆದಿಟ್ಟರೆ, ಅದನ್ನು ಯಜಮಾನನ ಮಾತೆಂದೇ ನಂಬಿ ನಡೆಯುವ ಅಪಾಯವುಂಟು. ಹೂವು ತರಲು ಹೋಗುವವನಿಗೆ ಹೂವಿನ ದುಡ್ಡು ಸಾಕು. ಕಬ್ಬಿಣದ ಪೆಟ್ಟಿಗೆಯ ಕೀಲಿಕೈ ಬೇಕಿಲ್ಲ. ಹಣ ಕೈಬಿಡುವ ಮುನ್ನ, ಪತ್ರ ಹೊರಡುವ ಮುನ್ನ, ಮನುಷ್ಯನೊಬ್ಬ ನೋಡಿ ಒಪ್ಪಬೇಕು.

ಕೆಲಸವನ್ನು ಎಷ್ಟು ಕೈಗಳಿಗಾದರೂ ಹಂಚಬಹುದು. ಹೊಣೆಯನ್ನು ಹಂಚಿ ಕಳೆದುಕೊಳ್ಳಲಾಗದು. ಊಟದಲ್ಲಿ ಉಪ್ಪು ಹೆಚ್ಚಾದರೆ ಬೀಗರು ಕೇಳುವುದು ಅಡಿಗೆಯವರನ್ನಲ್ಲ, ಯಜಮಾನರನ್ನು.