ಯಾಕುಶಿಮಾದ ಹಿರಿಯ ಮರಗಳು: ನಂಬಿಕೆ, ಕೊಡಲಿ ಮತ್ತು ಉಳಿವು

ಜಗತ್ತಿನ ಅತಿ ಪ್ರಾಚೀನ ವೃಕ್ಷಗಳ ಕುರಿತ ಬರಹಗಳಲ್ಲಿ ಮೊದಲು ಎದುರಾಗುವುದು ವಯಸ್ಸಿನ ಲೆಕ್ಕ. ಇಷ್ಟು ಸಾವಿರ ವರ್ಷ ಎಂಬ ಸಂಖ್ಯೆಯನ್ನು ನಮೂದಿಸಿದೊಡನೆ ಮರದ ಮಹತ್ವವನ್ನು ಹೇಳಿ ಮುಗಿಸಿದಂತೆ ಭಾವಿಸಲಾಗುತ್ತದೆ. ಜಾನಪದ ಅಧ್ಯಯನಕ್ಕೆ ಅದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ: ಸುತ್ತಲಿನ ಮರಗಳೆಲ್ಲ ಕೊಡಲಿಗೆ ಬಲಿಯಾದಾಗ ಈ ಒಂದು ಮರ ಮಾತ್ರ ಹೇಗೆ ಉಳಿಯಿತು? ಜನರ ನಂಬಿಕೆ ಅದನ್ನು ಕಾಯಿತು ಎಂಬುದು ಈ ಪ್ರಶ್ನೆಗೆ ಸುಲಭವಾಗಿ ಸಿಗುವ ಉತ್ತರ. ಜಪಾನಿನ ಯಾಕುಶಿಮಾ ದ್ವೀಪದ ಸುಗಿ ಮರಗಳ ಚರಿತ್ರೆ ಈ ಉತ್ತರವನ್ನು ಮರುಪರಿಶೀಲನೆಗೆ ಒಳಪಡಿಸುತ್ತದೆ.

ಯಾಕುಶಿಮಾ ಜಪಾನಿನ ದಕ್ಷಿಣ ಭಾಗದ ಕ್ಯೂಶೂ ದ್ವೀಪಕ್ಕೆ ಸಮೀಪದಲ್ಲಿ, ಕಗೋಶಿಮಾ ಪ್ರಾಂತ್ಯಕ್ಕೆ ಸೇರಿದ, ಸುಮಾರು 500 ಚದರ ಕಿಲೋಮೀಟರ್ ವಿಸ್ತಾರದ ಪುಟ್ಟ ದ್ವೀಪ. ಅದರ ಅತ್ಯುನ್ನತ ಶಿಖರವಾದ ಮಿಯಾನೌರಾ 1936 ಮೀಟರ್ ಎತ್ತರವಿದೆ. ನೆಲ ಬೆಣಚುಗಲ್ಲಿನದು, ಮಣ್ಣಿನಲ್ಲಿ ಸತ್ವ ಕಡಿಮೆ, ಮಳೆ ಮಾತ್ರ ಅತ್ಯಧಿಕ. ದೇವದಾರುವನ್ನು ಹೋಲುವ ಸುಗಿ ಮರ ಇಂತಹ ನೆಲದಲ್ಲಿ ಬಹು ನಿಧಾನವಾಗಿ ಬೆಳೆಯುತ್ತದೆ. ಆದ್ದರಿಂದ ಅದರ ವಾರ್ಷಿಕ ಉಂಗುರಗಳು ಒತ್ತೊತ್ತಾಗಿರುತ್ತವೆ. ಕಟ್ಟಿಗೆಯಲ್ಲಿ ರಾಳ ತುಂಬಿಕೊಂಡು ಕೊಳೆಯುವಿಕೆಯನ್ನು ತಡೆಯುತ್ತದೆ. ಬಡ ಮಣ್ಣೇ ಇಲ್ಲಿ ದೀರ್ಘಾಯುಷ್ಯಕ್ಕೆ ಕಾರಣವಾಗಿದೆ. ಸಾವಿರ ವರ್ಷ ದಾಟಿದ ಮರಕ್ಕೆ ಮಾತ್ರ ದ್ವೀಪದವರು 'ಯಾಕುಸುಗಿ' ಎಂಬ ಹೆಸರನ್ನು ಸಲ್ಲಿಸುತ್ತಾರೆ. ಅದಕ್ಕಿಂತ ಕಿರಿಯವು 'ಕೊಸುಗಿ', ಅಂದರೆ ಚಿಕ್ಕ ಸುಗಿ.

ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಸುಮಾರು 1300 ಮೀಟರ್ ಎತ್ತರದಲ್ಲಿರುವ 'ಜೋಮೊನ್ ಸುಗಿ'. ಇದರ ಎತ್ತರ 25.3 ಮೀಟರ್, ಕಾಂಡದ ಸುತ್ತಳತೆ 16.4 ಮೀಟರ್. 1966ರಲ್ಲಿ ಇದು ಹೊರಜಗತ್ತಿನ ಗಮನಕ್ಕೆ ಬಂದಿತು. ಕಾಂಡದ ಗಾತ್ರವನ್ನು ಆಧರಿಸಿ ಇದಕ್ಕೆ 7200 ವರ್ಷವೆಂದು ಒಮ್ಮೆ ಅಂದಾಜಿಸಲಾಗಿತ್ತು. ಆದರೆ ಸುಮಾರು 7300 ವರ್ಷಗಳ ಹಿಂದೆ ಸಮೀಪದ ಕಿಕಾಯ್ ಜ್ವಾಲಾಮುಖಿ ಸ್ಫೋಟಿಸಿ ಅದರ ಬೆಂಕಿಯ ಪ್ರವಾಹ ಈ ದ್ವೀಪವನ್ನೂ ಮುಟ್ಟಿತ್ತಾದುದರಿಂದ ಆ ಅಂದಾಜು ಸಂಶಯಕ್ಕೆ ಗುರಿಯಾಗಿದೆ. ಮರದ ಒಡಲು ಪೊಳ್ಳಾಗಿದ್ದು, ಮೊದಲ ಉಂಗುರಗಳು ಎಂದೋ ನಶಿಸಿವೆ. ಒಳಭಾಗದಲ್ಲಿ ದೊರೆತ ಕಟ್ಟಿಗೆಯ ಕಾರ್ಬನ್ ಪರೀಕ್ಷೆ 2170 ವರ್ಷಗಳನ್ನು ಸೂಚಿಸಿದೆ. ನಿಜವಾದ ವಯಸ್ಸು ಅದಕ್ಕಿಂತ ಹೆಚ್ಚೆಂದಷ್ಟೇ ಹೇಳಬಹುದು. ಖಚಿತವಾದ ಲೆಕ್ಕಕ್ಕೆ ತೆರಬೇಕಾದ ಬೆಲೆಯೇನೆಂಬುದಕ್ಕೆ ಅಮೆರಿಕದ ನೆವಾಡಾದಲ್ಲಿ ನಿದರ್ಶನವಿದೆ. ಅಲ್ಲಿ 'ಪ್ರೊಮೀಥಿಯಸ್' ಎಂದು ಕರೆಯಲಾಗುತ್ತಿದ್ದ ಬ್ರಿಸಲ್‌ಕೋನ್ ಪೈನ್ ಮರವನ್ನು 1964ರಲ್ಲಿ ಸಂಶೋಧನೆಗಾಗಿ, ಅರಣ್ಯ ಇಲಾಖೆಯ ಅನುಮತಿಯಿಂದಲೇ, ಕಡಿಯಲಾಯಿತು. ಎಣಿಸಿದಾಗ 4844 ಉಂಗುರಗಳು ಸಿಕ್ಕವು, ಮರ ಉಳಿಯಲಿಲ್ಲ.

ಯಾಕುಶಿಮಾದ ಜನಪದರಿಗೆ ಎತ್ತರದ ಬೆಟ್ಟಗಳು ದೇವರ ನೆಲೆ. ಅಲ್ಲಿನ ಹಿರಿಯ ಮರಗಳು ದೇವರ ಸೊತ್ತು. ಅವುಗಳನ್ನು ಕಡಿದರೆ ಕೇಡು ತಪ್ಪದು ಎಂಬ ಭಯ ಬಲವಾಗಿತ್ತು. ಆದರೆ ದ್ವೀಪದಲ್ಲಿ ಭತ್ತ ಬೆಳೆಯುವ ನೆಲ ಬಹಳ ಕಡಿಮೆ. ಆಳುತ್ತಿದ್ದ ಸತ್ಸುಮಾದ ಪ್ರಭುತ್ವಕ್ಕೆ ಕಪ್ಪವನ್ನು ಹೇಗೆ ಸಲ್ಲಿಸಬೇಕು? ಈ ಇಕ್ಕಟ್ಟಿನಲ್ಲಿ, 17ನೆಯ ಶತಮಾನದಲ್ಲಿ, ಆ ದ್ವೀಪದಲ್ಲಿಯೇ ಹುಟ್ಟಿದ ವಿದ್ವಾಂಸ ತೊಮಾರಿ ಜೊಚಿಕು ಮುಂದೆ ಬಂದನೆಂದು ಐತಿಹ್ಯ ಹೇಳುತ್ತದೆ. ಆತ ಬೆಟ್ಟದ ದೇವರನ್ನು ಪ್ರಾರ್ಥಿಸಿ ಬಂದು ಜನರಿಗೆ ಒಂದು ಕ್ರಮವನ್ನು ತಿಳಿಸಿದ. ಕಡಿಯಬೇಕಾದ ಮರಕ್ಕೆ ರಾತ್ರಿ ಕೊಡಲಿಯನ್ನು ಒರಗಿಸಿಡಬೇಕು. ಬೆಳಗಿನೊಳಗೆ ಕೊಡಲಿ ಬಿದ್ದಿದ್ದರೆ ದೇವರ ಸಮ್ಮತಿಯಿಲ್ಲ; ಒರಗಿಸಿದಂತೆಯೇ ನಿಂತಿದ್ದರೆ ಮರವನ್ನು ಕಡಿಯಬಹುದು.

ಈ ಐತಿಹ್ಯ ಅತ್ಯಂತ ಅರ್ಥಪೂರ್ಣವಾದುದು. ಮರವನ್ನು ಕಡಿಯುವ ಮುನ್ನ ಅದರಲ್ಲಿ ನೆಲೆಸಿರುವ ಶಕ್ತಿಯ ಅನುಮತಿ ಬೇಡುವ ಆಚರಣೆ ಅನೇಕ ಸಂಸ್ಕೃತಿಗಳಲ್ಲಿದೆ. ಭಾರತದಲ್ಲಿ ವರಾಹಮಿಹಿರನ 'ಬೃಹತ್ಸಂಹಿತೆ'ಯು ಪ್ರತಿಮೆಗಾಗಿ ಮರ ಕಡಿಯುವ ಮುನ್ನ ರಾತ್ರಿ ಅದನ್ನು ಪೂಜಿಸಿ, ಅಲ್ಲಿ ವಾಸಿಸುವ ಭೂತಗಳು ಬೇರೆಡೆಗೆ ತೆರಳಲೆಂದು ಬೇಡಿಕೊಳ್ಳಬೇಕೆಂದು ವಿಧಿಸುತ್ತದೆ. ಇಂತಹ ಆಚರಣೆಗಳನ್ನು ಪರಿಸರ ಪ್ರಜ್ಞೆಯ ಕುರುಹುಗಳೆಂದು ಮಾತ್ರ ವ್ಯಾಖ್ಯಾನಿಸುವುದು ರೂಢಿಯಾಗಿದೆ. ಆದರೆ ಸರಿಯಾಗಿ ಒರಗಿಸಿದ ಕೊಡಲಿ ಗಾಳಿಯಿಲ್ಲದ ರಾತ್ರಿಯಲ್ಲಿ ಬೀಳುವುದು ಅಪರೂಪ. ಯಾಕುಶಿಮಾದಲ್ಲಿ ಹಳೆಯ ನಂಬಿಕೆ ನಾಶವಾಗಲಿಲ್ಲ. ಹೊಸ ಅಗತ್ಯಕ್ಕೆ ತಕ್ಕಂತೆ ಮಾರ್ಪಟ್ಟಿತು. ಬೇಲಿಯಾಗಿದ್ದ ನಂಬಿಕೆಯಲ್ಲಿಯೇ ಒಂದು ಬಾಗಿಲು ತೆರೆದುಕೊಂಡಿತು. ಮರಗಳನ್ನು ಸೀಳಿ ಮಾಡಿದ, ಮಾಡಿಗೆ ಹೊದಿಸುವ ಹಲಗೆಗಳು ಅಕ್ಕಿಗೆ ಬದಲಾಗಿ ಕಪ್ಪವಾಗಿ ಸಂದವು. ದ್ವೀಪದ ಪ್ರಾಚೀನ ಸುಗಿ ಮರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಕಾಲದಲ್ಲಿ ಉರುಳಿದವೆಂದು ಅಂದಾಜಿಸಲಾಗಿದೆ.

ಹಾಗಾದರೆ ಜೋಮೊನ್ ಸುಗಿ ಉಳಿದುದು ಹೇಗೆ? ಹಲಗೆಗೆ ಬೇಕಾದುದು ನೇರವಾಗಿ ಸೀಳುವ ಕಾಂಡ. ಗಂಟು ಗಂಟಾಗಿ, ತಿರುಚಿಕೊಂಡು ಬೆಳೆದ ಮರ ಮರಕಡಿಯುವವರಿಗೆ ನಿರುಪಯುಕ್ತ. ಆದ್ದರಿಂದ ನೇರವಾದವು ಉರುಳಿದವು, ಸೊಟ್ಟವು ಉಳಿದವು. ಇಂದು ಯಾತ್ರಿಕರು ಭಕ್ತಿಯಿಂದ ನೋಡುವ ಮರ ಅಂದು ಯಾರಿಗೂ ಬೇಡವಾಗಿದ್ದ ಮರ. ಕಡಿದ ಮರಗಳ ನೆನಪು ಕೂಡ ಅಳಿದಿಲ್ಲ. ಸಸ್ಯಶಾಸ್ತ್ರಜ್ಞ ಅರ್ನೆಸ್ಟ್ ಹೆನ್ರಿ ವಿಲ್ಸನ್ 1914ರಲ್ಲಿ ಪರಿಶೀಲಿಸಿ ಹೊರಜಗತ್ತಿಗೆ ಪರಿಚಯಿಸಿದ ಬೃಹತ್ ಬುಡವೊಂದು ಅಲ್ಲಿದೆ. ಅದರ ಪೊಳ್ಳಿನೊಳಗೆ ನೀರಿನ ಒರತೆಯೂ ಪುಟ್ಟ ಗುಡಿಯೂ ಇವೆ. ಕಡಿದ ಮೇಲೂ ಮರ ದೇವರ ನೆಲೆಯಾಗಿಯೇ ಉಳಿದಿದೆ.

1923ರಲ್ಲಿ ಕಾಡಿನೊಳಕ್ಕೆ ರೈಲುಹಳಿ ಬಂದ ಮೇಲೆ ಕಡಿತಲೆಗೆ ಕೊಡಲಿಯ ಪರೀಕ್ಷೆಯ ಅಗತ್ಯವೂ ಉಳಿಯಲಿಲ್ಲ. ಮರಕಡಿಯುವವರಿಗಾಗಿ ಬೆಳೆದ ಕೊಸುಗಿದಾನಿ ಎಂಬ ಊರಿನಲ್ಲಿ 1960ರಲ್ಲಿ 500ಕ್ಕೂ ಹೆಚ್ಚು ಜನರಿದ್ದರು. 1970ರಲ್ಲಿ ಆ ಊರು ಬರಿದಾಯಿತು. 1993ರಲ್ಲಿ ದ್ವೀಪದ ಒಂದು ಭಾಗ ವಿಶ್ವ ಪರಂಪರೆಯ ತಾಣವಾದಾಗ ನೋಡುಗರ ಸಂಖ್ಯೆ ಏರಿತು. ಈಗ ಅಪಾಯ ಕೊಡಲಿಯದಲ್ಲ, ಪ್ರೀತಿಯಿಂದ ಬಂದ ಪಾದಗಳದು. ತುಳಿತಕ್ಕೆ ಮಣ್ಣು ಸವೆದು ಬೇರುಗಳು ಹೊರಬಂದುದರಿಂದ 1996ರಲ್ಲಿ ಮರದಿಂದ ದೂರಕ್ಕೆ ಅಟ್ಟಣೆಯೊಂದನ್ನು ಕಟ್ಟಲಾಯಿತು. ಹೋಗಿಬರಲು ಸುಮಾರು 22 ಕಿಲೋಮೀಟರ್ ನಡೆದು ಬಂದವರೂ ಮರವನ್ನು ಮುಟ್ಟುವಂತಿಲ್ಲ. 2005ರಲ್ಲಿ ಹಿಮದ ಭಾರಕ್ಕೆ ಮುರಿದುಬಿದ್ದ ಕೊಂಬೆಯನ್ನು 'ಜೀವದ ಕೊಂಬೆ' ಎಂಬ ಹೆಸರಿನಿಂದ ವಸ್ತುಸಂಗ್ರಹಾಲಯದಲ್ಲಿ ಕಾಪಾಡಲಾಗಿದೆ.

ಒಟ್ಟಾರೆಯಾಗಿ, ನಂಬಿಕೆ ತಾನಾಗಿಯೇ ಮರವನ್ನು ಉಳಿಸುವುದೂ ಇಲ್ಲ, ಅಳಿಸುವುದೂ ಇಲ್ಲ. ದೇವರ ಹೆಸರಿನಲ್ಲಿ ಒಪ್ಪಿಗೆ ಕೊಡುವವರು ಯಾರು, ಅದರಿಂದ ಯಾರ ಕಣಜ ತುಂಬುತ್ತದೆ ಎಂಬ ಪ್ರಶ್ನೆಗಳನ್ನು ಬಿಟ್ಟು ನಂಬಿಕೆಯ ಅಧ್ಯಯನ ಪೂರ್ಣವಾಗದು. ದೇವರ ಕಾಡುಗಳ ಬಗೆಗೆ ಹೆಮ್ಮೆಯಿಂದ ಮಾತನಾಡುವ ಕರ್ನಾಟಕದ ಜಾನಪದ ಅಧ್ಯಯನಕ್ಕೂ ಈ ಮಾತು ಅನ್ವಯಿಸುತ್ತದೆ. ಕಾಡನ್ನು ಕಾಯುವ ಕಟ್ಟಳೆಗಳನ್ನು ದಾಖಲಿಸುವಷ್ಟೇ ಶ್ರದ್ಧೆಯಿಂದ, ಅವುಗಳೊಳಗೆ ಬಾಗಿಲು ತೆರೆದ ಸಂದರ್ಭಗಳನ್ನೂ ದಾಖಲಿಸಬೇಕಾಗಿದೆ.