ಶವವಿಲ್ಲದ ಸಾವು

ಡೆನ್ಮಾರ್ಕಿನ ಲೇಖಕ ಯೂಸ್ಸಿ ಆಡ್ಲರ್-ಓಲ್ಸನ್ 2007ರಲ್ಲಿ ಪ್ರಕಟಿಸಿದ ಪತ್ತೇದಾರಿ ಕಾದಂಬರಿಯಲ್ಲಿ, ಧೂಳು ಹಿಡಿದ ಹಳೆಯ ಕಡತಗಳನ್ನೆಲ್ಲ ಕಾರ್ಲ್ ಮೋರ್ಕ್ ಎಂಬ ಅಧಿಕಾರಿಗೆ ಒಪ್ಪಿಸಿ ಅವನನ್ನು ನೆಲಮಾಳಿಗೆಗೆ ಅಟ್ಟುತ್ತಾರೆ. ಹಡಗಿನಿಂದ ಕಾಣೆಯಾಗಿ ಐದು ವರ್ಷವಾದ, ಮುಳುಗಿ ಸತ್ತಳೆಂದೇ ಜನ ನಂಬಿದ್ದ ರಾಜಕಾರಣಿಯೊಬ್ಬಳ ಕಡತವನ್ನು ಅವನು ತೆರೆಯುತ್ತಾನೆ. ಕಾದಂಬರಿ ಮುಗಿಯುವಷ್ಟರಲ್ಲಿ ಓದುಗನಿಗೆ ಉತ್ತರ ಸಿಗುತ್ತದೆ. ನಾನಿರುವ ಲಂಡನ್ನಿನ ಒಂದು ಕಡತಕ್ಕೆ ಇಂದಿಗೂ ಉತ್ತರವಿಲ್ಲ.

1986ರ ಜುಲೈ 28ರ ಮಧ್ಯಾಹ್ನ, ಫುಲ್ಹಮ್ಮಿನ ಮನೆ ಮಾರಾಟದ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದ 25 ವರ್ಷದ ಸೂಜಿ ಲ್ಯಾಂಪ್ಲೂ ಶಾರಲ್ಡ್ಸ್ ರಸ್ತೆಯ ಮನೆಯೊಂದನ್ನು ತೋರಿಸಲು ಹೊರಟಳು. ಗಿರಾಕಿಯ ಹೆಸರು ‘ಮಿಸ್ಟರ್ ಕಿಪ್ಪರ್’ ಎಂದು ದಿನಚರಿಯಲ್ಲಿ ಬರೆದಿಟ್ಟಿದ್ದಳು. ಅವಳ ಕಾರು ಅಂದು ರಾತ್ರಿಯೇ ಸ್ಟೀವನೇಜ್ ರಸ್ತೆಯಲ್ಲಿ ಸಿಕ್ಕಿತು, ಅವಳು ಸಿಗಲಿಲ್ಲ. 2002ರಲ್ಲಿ ಪೊಲೀಸರು ಜಾನ್ ಕ್ಯಾನನ್ ಎಂಬ ಕೈದಿಯನ್ನು ಶಂಕಿತನೆಂದು ಹೆಸರಿಸಿದರಾದರೂ ಸಾಕ್ಷ್ಯ ಸಾಲದೆ ಮೊಕದ್ದಮೆ ನಡೆಯಲಿಲ್ಲ. ಆರೋಪವನ್ನು ನಿರಾಕರಿಸುತ್ತಲೇ ಬಂದ ಅವನು 2024ರಲ್ಲಿ ಸೆರೆಮನೆಯಲ್ಲೇ ತೀರಿಕೊಂಡ.

ವೈದ್ಯನಾದ ನಾನು ಮರಣಪತ್ರಕ್ಕೆ ಸಹಿ ಹಾಕಬೇಕಾದರೆ ಸಾವಿನ ಕಾರಣ ತಿಳಿದಿರಬೇಕು. ಶವವೇ ಇಲ್ಲದಿದ್ದಲ್ಲಿ ವೈದ್ಯಶಾಸ್ತ್ರ ಕೈಚೆಲ್ಲುತ್ತದೆ. ಕಾನೂನು ಮುಂದೆ ಬರಬೇಕಾಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 2013ರ ಮರಣಭಾವನೆಯ ಕಾಯಿದೆಯಂತೆ, ವ್ಯಕ್ತಿ ಸತ್ತಿರುವನೆಂದು ಹೈಕೋರ್ಟಿಗೆ ಮನವರಿಕೆಯಾದರೆ, ಇಲ್ಲವೇ ಏಳು ವರ್ಷಗಳಿಂದ ಅವನು ಬದುಕಿರುವ ಸುಳಿವೇ ಇಲ್ಲದಿದ್ದರೆ, ಅದು ಸಾವನ್ನು ಘೋಷಿಸಿ ದಿನಾಂಕವನ್ನೂ ನಿಗದಿಪಡಿಸುತ್ತದೆ. 1974ರಲ್ಲಿ ಲಂಡನ್ನಿನಿಂದ ಕಣ್ಮರೆಯಾದ ಲಾರ್ಡ್ ಲೂಕನ್ನನ ಮಗನಿಗೆ ತಂದೆಯ ಮರಣಪತ್ರ ದೊರೆತದ್ದು ಈ ಕಾಯಿದೆಯಿಂದಲೇ, 2016ರಲ್ಲಿ. ಏಳು ವರ್ಷ ತುಂಬುವವರೆಗೆ ಮನೆಸಾಲ, ಬ್ಯಾಂಕು ಖಾತೆಗಳು ಅನಾಥವಾಗದಂತೆ, 90 ದಿನ ಕಾಣೆಯಾದವರ ಆಸ್ತಿಗೆ ಪಾಲಕರನ್ನು ನೇಮಿಸಲು 2017ರ ಇನ್ನೊಂದು ಕಾಯಿದೆ ಅವಕಾಶ ನೀಡುತ್ತದೆ.

ಭಾರತದಲ್ಲಿಯೂ ಏಳು ವರ್ಷದ ನಿಯಮ 1872ರ ಸಾಕ್ಷ್ಯ ಕಾಯಿದೆಯಿಂದ ಬಂದಿದೆ. ಒಂದು ಭೇದವನ್ನು ಮಾತ್ರ ಊರಿನಲ್ಲಿ ವಿಮೆ ಇರುವವರು ಮರೆಯಬಾರದು: ಅಲ್ಲಿ ಊಹಿಸಲಾಗುವುದು ಸಾವು, ಸತ್ತ ದಿನವಲ್ಲ. ಕಾಣೆಯಾದಂದೇ ಸತ್ತರೆಂದು ತಿಳಿದು ಕಂತು ನಿಲ್ಲಿಸಿದ ಕುಟುಂಬಕ್ಕೆ ವಿಮೆಯ ಹಣ ದೊರೆಯದೆಂದು ಸುಪ್ರೀಂ ಕೋರ್ಟು 2004ರಲ್ಲಿ ತೀರ್ಪಿತ್ತಿತು.

ಶಾಸ್ತ್ರಕ್ಕೂ ಈ ಸಂಕಟ ಹೊಸದಲ್ಲ. ದೇಹ ಸಿಗದವರಿಗಾಗಿ ಮುತ್ತುಗದ ಎಲೆಯಿಂದ ಪ್ರತಿಕೃತಿ ಮಾಡಿ ದಹಿಸುವ ವಿಧಿಯನ್ನು ನಮ್ಮ ಹಿರಿಯರು ಹೇಳಿದ್ದಾರೆ. ಅಳುವುದಕ್ಕೂ ಒಂದು ದಿನ ಗೊತ್ತಾಗಬೇಕೆಂಬುದನ್ನು ಅವರು ಬಲ್ಲವರಾಗಿದ್ದರು.

ಯಾರಾದರೂ ಕಾಣೆಯಾದರೆ ದೂರು ಕೊಡಲು ಇಲ್ಲಿ 24 ಗಂಟೆ ಕಾಯಬೇಕಿಲ್ಲ. ಅವರ ಹಲ್ಲುಜ್ಜುವ ಬ್ರಷ್ಷು, ಬಾಚಣಿಗೆಗಳನ್ನು ತೊಳೆಯದೆ ತೆಗೆದಿಡಿ; ದಂತವೈದ್ಯರ ಹೆಸರನ್ನು ಪೊಲೀಸರಿಗೆ ತಿಳಿಸಿ. ಎಷ್ಟೋ ವರ್ಷದ ನಂತರ ಗುರುತಿಲ್ಲದ ಶವವೊಂದಕ್ಕೆ ಹೆಸರು ಮರಳಿಸುವುದು ಹಲ್ಲು ಮತ್ತು ಡಿಎನ್‌ಎ. ಸೂಜಿಯ ತಂದೆತಾಯಿ ಅವಳ ಹೆಸರಿನಲ್ಲಿ ಸ್ಥಾಪಿಸಿದ ಸಂಸ್ಥೆ ಒಂಟಿಯಾಗಿ ದುಡಿಯುವವರ ಸುರಕ್ಷತೆಗಾಗಿ ಈಗಲೂ ಕೆಲಸ ಮಾಡುತ್ತಿದೆ. ತಂದೆತಾಯಿ ಇಬ್ಬರೂ ಇಂದು ಇಲ್ಲ. ಮಗಳು ಎಲ್ಲಿದ್ದಾಳೆಂದು ತಿಳಿಯದೆಯೇ ಅವರು ಹೋದರು.