ಮಗು ಮೇಷ್ಟ್ರನ್ನು ನಂಬುವುದು ಯಾವಾಗ?

ಕೆಲವು ವರ್ಷಗಳ ಹಿಂದಿನ ಮಾತು. ಹತ್ತನೇ ತರಗತಿಯಲ್ಲಿದ್ದ ನೆರೆಮನೆಯ ಹುಡುಗ ಸಂಜೆ ನಮ್ಮ ಜಗಲಿಗೆ ಬಂದು ವಿಜ್ಞಾನ ಹೇಳಿಸಿಕೊಳ್ಳುತ್ತಿದ್ದ. ಶುಲ್ಕದ ಮಾತಿರಲಿಲ್ಲ. ಒಂದು ದಿನ ವಿದ್ಯುತ್ತಿನ ಪಾಠ. 2 ಓಮ್ ಮತ್ತು 3 ಓಮ್ ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧವೆಷ್ಟು? ಅವನು 2.5 ಓಮ್ ಎಂದು ಬರೆದ. ಸಮಾಂತರ ಜೋಡಣೆಯಲ್ಲಿ ಒಟ್ಟು ರೋಧ ಇರುವುದರಲ್ಲಿ ಚಿಕ್ಕದಕ್ಕಿಂತಲೂ ಕಡಿಮೆ ಬರಲೇಬೇಕು. ಸರಿಯುತ್ತರ 1.2 ಓಮ್. ಸೂತ್ರವನ್ನೇನೋ ಸರಿಯಾಗಿಯೇ ಬರೆದಿದ್ದ. ಆದರೆ 1/2 ಮತ್ತು 1/3 ಕೂಡುವಾಗ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ 2/5 ಮಾಡಿಬಿಟ್ಟಿದ್ದ! ನಾನು ಬೈಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನೇ ತಲೆ ತಗ್ಗಿಸಿ, "ಸಾರ್, ಐದನೇ ಕ್ಲಾಸಿನಿಂದಲೂ ನನಗೆ ಭಿನ್ನರಾಶಿ ಬರೋದಿಲ್ಲ. ಯಾರಿಗೂ ಹೇಳಿಲ್ಲ" ಎಂದ.

ಮರುದಿನ ಬೆಳಿಗ್ಗೆ ಹಾಲಿನ ಬೂತಿನ ಬಳಿ ಅವನ ತಂದೆ ಸಿಕ್ಕರು. "ಹೇಗಿದ್ದಾನೆ ಮೇಷ್ಟ್ರೇ ನಮ್ಮವನು?" ಎಂದರು. ಹುಡುಗನಿಗೆ ಒಳ್ಳೆಯದಾಗಲಿ ಎಂದೇ ನಾನು ಎಲ್ಲವನ್ನೂ ಹೇಳಿದೆ. ಆ ರಾತ್ರಿ ಅವರ ಮನೆಯ ಗಲಾಟೆ ನಮ್ಮ ಅಡುಗೆಮನೆಗೆ ಕೇಳಿಸಿತು. ಹುಡುಗ ಪಾಠಕ್ಕೆ ಬರುವುದನ್ನು ಬಿಡಲಿಲ್ಲ. ಆದರೆ ಅಲ್ಲಿಂದ ಮುಂದೆ ಏನು ಕೇಳಿದರೂ ಒಂದೇ ಉತ್ತರ: "ಅರ್ಥವಾಯ್ತು ಸಾರ್." ಬಿ.ಎಡ್.ನಲ್ಲಿ ಓದಿದ ಮಕ್ಕಳ ಮನಶ್ಶಾಸ್ತ್ರ ನನಗೆ ಹಾಲಿನ ಬೂತಿನ ಮುಂದೆ ನೆನಪಾಗಲಿಲ್ಲ.

ಆಗ ಹೆಲೆನ್ ಕೆಲ್ಲರ್ 1903ರಲ್ಲಿ ಪ್ರಕಟಿಸಿದ ಆತ್ಮಕಥೆಯನ್ನು ಮತ್ತೆ ತೆಗೆದೆ. ಅದರಲ್ಲಿ ಅವರ ಗುರು ಆ್ಯನ್ ಸಲಿವನ್ ಬರೆದ ಪತ್ರಗಳೂ ಇವೆ. ನೀರಿನ ಪಂಪಿನ ಕೆಳಗೆ ಕೈಯೊಡ್ಡಿದ ಹೆಲೆನ್‌ಗೆ 'ನೀರು' ಎಂಬ ಶಬ್ದದ ಅರ್ಥ ಹೊಳೆದದ್ದು 1887ರ ಏಪ್ರಿಲ್ 5ರಂದು. ಇದು ಎಲ್ಲರಿಗೂ ಗೊತ್ತು. ಅದಕ್ಕೆ ಹಿಂದಿನ ಒಂದು ತಿಂಗಳ ಕಥೆಯನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಮಾರ್ಚ್ 3ರಂದು ಅಮೆರಿಕದ ಅಲಬಾಮ ರಾಜ್ಯದ ಟಸ್ಕಂಬಿಯ ಊರಿಗೆ ಬಂದಾಗ ಸಲಿವನ್‌ಗೆ 20 ವರ್ಷ, ದೃಷ್ಟಿಯೂ ಮಂದ. ಕಣ್ಣು ಕಾಣದ, ಕಿವಿ ಕೇಳದ ಆ ಮಗುವಿಗೆ ಇನ್ನೂ ಏಳು ತುಂಬಿರಲಿಲ್ಲ. ಅವಳು ಗುರುವಿನ ಹಲ್ಲು ಮುರಿದಳು. ಕೋಣೆಯಲ್ಲಿ ಕೂಡಿಹಾಕಿ ಕೀಲಿ ಬಚ್ಚಿಟ್ಟಳು. ತಂದೆ ಏಣಿ ಹಾಕಿ ಕಿಟಕಿಯಿಂದ ಇಳಿಸಬೇಕಾಯಿತು. ಮಗು ಅತ್ತರೆ ಮನೆಯವರೆಲ್ಲ ಸೋಲುತ್ತಿದ್ದರು. ಹಾಗಾಗಿ ಸಲಿವನ್ ತೋಟದ ಪುಟ್ಟ ಮನೆಯಲ್ಲಿ ಮಗುವಿನೊಂದಿಗೆ ಬೇರೆಯಾಗಿ ಇರಲು ಅನುಮತಿ ಕೇಳಿದರು. ಹೆತ್ತವರು ದಿನವೂ ಬಂದು ನೋಡಬಹುದು, ಆದರೆ ಬಂದದ್ದು ಮಗುವಿಗೆ ತಿಳಿಯಬಾರದು. ತಂದೆ ಕಚೇರಿಗೆ ಹೋಗುವಾಗ, ಬರುವಾಗ ಇಣುಕಿ ನೋಡುತ್ತಿದ್ದರಂತೆ. ಸುಮಾರು ಎರಡು ವಾರಗಳಲ್ಲಿ ಮಗು ಗುರುವಿಗೆ ಒಲಿಯಿತು. ಪಾಠ ತಲೆಗೆ ಹತ್ತಿದ್ದು ಆಮೇಲೆ.

ಸಲಿವನ್ ಮಗುವನ್ನು ಬಲವಂತದಿಂದ ಹಿಡಿದು ಕೂರಿಸಿದ್ದು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನನ್ನ ಮನಸ್ಸಿನಲ್ಲಿ ಉಳಿದದ್ದು ಇಣುಕಿ ನೋಡಿ ಸುಮ್ಮನೆ ಹೋದ ಆ ತಂದೆ. ಪೋಷಕರೇ, ಮನೆಪಾಠದ ಕೋಣೆಯ ಬಾಗಿಲು ಯಾವಾಗಲೂ ತೆರೆದಿರಲಿ, ಮಗು ನಿಮ್ಮ ಕಣ್ಣಿಗೆ ಕಾಣುತ್ತಿರಲಿ. ಆದರೆ ಕಣ್ಣಿಡುವುದು ಬೇರೆ, ಕಿವಿಗೊಡುವುದು ಬೇರೆ. ಎಷ್ಟು ಪಾಠವಾಯಿತು, ಹೋಂವರ್ಕ್ ಮಾಡಿದನೇ ಎಂದು ಮೇಷ್ಟ್ರನ್ನು ಧಾರಾಳವಾಗಿ ಕೇಳಿ. ಏನು ಬರುವುದಿಲ್ಲವೆಂದು ಒಪ್ಪಿಕೊಂಡ ಎಂಬುದನ್ನು ಅವರಿಬ್ಬರಿಗೇ ಬಿಡಿ. ಮಗುವಿಗೆ ಯಾರಿಂದಲಾದರೂ ತೊಂದರೆಯಾಗುತ್ತಿದ್ದರೆ ಮಾತ್ರ ಗುಟ್ಟು ಕೂಡದು. ಅದನ್ನು ಮೇಷ್ಟ್ರು ಹೇಳಲೇಬೇಕು.

ನಾನು ಹುಡುಗನಲ್ಲಿ ತಪ್ಪೊಪ್ಪಿಕೊಂಡೆ. "ನಿನ್ನನ್ನು ಕೇಳದೆ ಹೇಳಿಬಿಟ್ಟೆನಪ್ಪಾ" ಎಂದೆ. ಅವನು ಮಾತಾಡಲಿಲ್ಲ. ಐದನೇ ತರಗತಿಯ ಗಣಿತ ಪುಸ್ತಕ ತಂದು, ಯಾವ ತರಗತಿಯದೆಂದು ಕಾಣದಂತೆ ಬ್ರೌನ್ ಪೇಪರ್ ಹಾಕಿ ಜಗಲಿಯಲ್ಲಿಟ್ಟೆ. ಬಹಳ ದಿನ ಅದನ್ನು ಮುಟ್ಟಲಿಲ್ಲ. ಕೊನೆಗೊಂದು ಸಂಜೆ ತಾನಾಗಿಯೇ ತೆರೆದು, ಒಂದು ಲೆಕ್ಕದ ಮೇಲೆ ಬೆರಳಿಟ್ಟು, "ಸಾರ್, ಇದು ಗೊತ್ತಾಗಲಿಲ್ಲ" ಎಂದ. ಪರೀಕ್ಷೆಗೆ ಆಗ ಹದಿನೈದೇ ದಿನ ಉಳಿದಿತ್ತು.